ಮಹಾಸಭೆಯಲ್ಲಿ ನಿಮ್ಮ ಸಲಹೆ ಠರಾವಾಗಲಿ



ಸೆಪ್ಟೆಂಬರ್ ಬಂತೆಂದರೆ ನಮ್ಮ ಸಂಘಗಳಲ್ಲಿ ವಾರ್ಷಿಕ ಮಹಾಸಭೆಗಳ ಕಾಲ. ಡೇರಿ ಮುಂದೆ ದಿನವೂ ಒಳ್ಳೆಯ ಸಲಹೆ ಕೊಡುವವರು ಮೈಕ್ ಕೈಗೆ ಬಂದಾಗ ತಡವರಿಸುತ್ತಾರೆ. ಬೋನಸ್ ಗದ್ದಲದಲ್ಲಿ ಸಲಹೆ ಕಳೆದುಹೋಗುತ್ತದೆ. ಯಲಹಂಕ, ಹೆಸರಘಟ್ಟದ ಕಡೆ ಬಡಾವಣೆಗಳು ಬೆಳೆದಂತೆ ಮೇಯಿಸುವ ಜಾಗ ಕಡಿಮೆಯಾಗಿದೆ. ಮೇವಿಗೂ ದುಡ್ಡು ಕೊಡುವವರಿಗೆ ಒಂದೊಂದು ಲೀಟರ್ ಹಾಲೂ ಮುಖ್ಯ. ಹಾಲು ಉಳಿಸುವ ಒಂದು ಸಲಹೆಯನ್ನೇ ತೆಗೆದುಕೊಂಡು, ಸಭೆ ಒಪ್ಪುವಂತೆ ಅದನ್ನು ಮಂಡಿಸುವುದು ಹೇಗೆಂದು ನೋಡೋಣ. ಸಲಹೆ ಇದು: ಸುಪ್ತ ಕೆಚ್ಚಲು ಬಾವು ಪತ್ತೆಗೆ ಸಂಘವೇ ತಿಂಗಳಿಗೊಮ್ಮೆ ಸಿಎಂಟಿ ಪರೀಕ್ಷೆ ಮಾಡಿಸಬೇಕು.

1. ಬೇಡಿಕೆ ಒಂದೇ ಇರಲಿ

ಫೀಡ್ ಬೆಲೆ, ವಿಮೆ, ರಸ್ತೆ ಎಲ್ಲವನ್ನೂ ಒಟ್ಟಿಗೆ ಹೇಳಬೇಡಿ. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ಒಂದೇ ತೀರ್ಮಾನಕ್ಕೆ ಬಂದರು: ನಮ್ಮ ಸಹಕಾರ ಸಂಘದ ಮೂಲಕವಲ್ಲದೆ ಹಾಲು ಕೊಡುವುದಿಲ್ಲ. ಎಲ್ಲರ ನೆನಪಿನಲ್ಲೂ ಉಳಿಯುವ ಆ ಮಾತಿನಿಂದಲೇ ಅಮುಲ್ ಬೆಳೆಯಿತು. ನಿಮ್ಮ ಬೇಡಿಕೆಯನ್ನು ಒಂದು ವಾಕ್ಯದಲ್ಲಿ ಬರೆದು, ಕಾರ್ಯಸೂಚಿಗೆ ಸೇರಿಸಲು ಕಾರ್ಯದರ್ಶಿಗೆ ಮುಂಚೆಯೇ ಕೊಡಿ.

2. ಲೆಕ್ಕ ಕೇಳುವವರದಾಗಲಿ

"ಬಾವಿನಿಂದ ಭಾರಿ ನಷ್ಟ" ಎಂದರೆ ಯಾರಿಗೂ ತಟ್ಟುವುದಿಲ್ಲ. ಹೀಗೆ ಹೇಳಿ: ಒಂದು ಹಸು ದಿನಕ್ಕೆ 1 ಲೀಟರ್ ಕಡಿಮೆ ಕೊಟ್ಟರೆ, ಲೀಟರಿಗೆ 35 ರೂಪಾಯಿಯಂತೆ ತಿಂಗಳಿಗೆ 1,050 ರೂಪಾಯಿ ಹೋಯಿತು. ಊರಿನ 20 ಹಸುಗಳಿಗೆ ಹೀಗಾದರೆ 21,000 ರೂಪಾಯಿ. ನಿಮ್ಮ ಸಂಘದ ದರವನ್ನೇ ಹಾಕಿ, ಪಕ್ಕದಲ್ಲಿ ಪರೀಕ್ಷೆಯ ಖರ್ಚನ್ನೂ ತೋರಿಸಿ.

3. ಕಣ್ಣಾರೆ ತೋರಿಸಿ

ಸುಪ್ತ ಬಾವಿನಲ್ಲಿ ಕೆಚ್ಚಲು ಊದುವುದಿಲ್ಲ, ಹಾಲು ಒಡೆಯುವುದಿಲ್ಲ. ಆದ್ದರಿಂದ ಮಾತಿಗಿಂತ ಪರೀಕ್ಷೆಯೇ ದೊಡ್ಡ ಸಾಕ್ಷಿ. ಅಂದು ಬೆಳಿಗ್ಗೆ ಮೊದಲ ಕೆಲವು ಧಾರೆ ಬಿಟ್ಟು, ನಾಲ್ಕು ಮೊಲೆಗಳ ಹಾಲನ್ನು ಬೇರೆ ಬೇರೆ ಸೀಸೆಗಳಲ್ಲಿ ತನ್ನಿ. ನಾಲ್ಕು ಗುಂಡಿಗಳ ತಟ್ಟೆಗೆ ಹಾಕಿ, ಅಷ್ಟೇ ಪ್ರಮಾಣದ ದ್ರಾವಣ ಸೇರಿಸಿ, ಮೆಲ್ಲಗೆ ತಿರುಗಿಸಿ. ಬಾವಿರುವ ಮೊಲೆಯ ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ. ಎರಡು ದಿನ ಮುಂಚೆ ಒಮ್ಮೆ ಮಾಡಿ ನೋಡಿ. ನಿಮ್ಮ ಹಸುವಿನ ಹಾಲನ್ನೇ ಬಳಸಿ. ಬೇರೆಯವರ ಹಸುವಿನ ಹೆಸರೆತ್ತಿ ಮುಜುಗರ ಮಾಡಬೇಡಿ. ಪರೀಕ್ಷಿಸಿದ ಹಾಲನ್ನು ಚೆಲ್ಲಿ.

4. ಪ್ರಶ್ನೆಗೆ ಸಿದ್ಧರಾಗಿ

"ನಮ್ಮ ಹಸು ಚೆನ್ನಾಗೇ ಇದೆಯಲ್ಲ?" ಎಂದರೆ ತಟ್ಟೆ ತೋರಿಸಿ. "ಗಟ್ಟಿಯಾದರೆ ಏನು ಮಾಡೋದು?" ಎಂದರೆ, ಚಿಕಿತ್ಸೆಯನ್ನು ಪಶುವೈದ್ಯರು ನಿರ್ಧರಿಸುತ್ತಾರೆ, ನಾವಾಗಿಯೇ ಆ್ಯಂಟಿಬಯೋಟಿಕ್ ಕೊಡಬಾರದು ಎನ್ನಿ. ಗೊತ್ತಿಲ್ಲದ್ದನ್ನು "ಕೇಳಿ ತಿಳಿಸುತ್ತೇನೆ" ಎಂದರೆ ಗೌರವ ಕಡಿಮೆಯಾಗದು.

5. ಮೂರು ನಿಮಿಷ ಸಾಕು

ಚೀಟಿ ಓದಬೇಡಿ, ಮನೆಯವರ ಮುಂದೆ ಎರಡು ಸಲ ಹೇಳಿ ಅಭ್ಯಾಸ ಮಾಡಿ. ಮಹಿಳಾ ಸದಸ್ಯರೇ, ಹಾಲು ಕರೆಯುವ ನಿಮಗೆ ಕೆಚ್ಚಲಿನ ಸ್ಥಿತಿ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಹಿಂದಿನ ಸಾಲಿನಲ್ಲಿ ಕೂರದೆ ನೀವೇ ಮಾತನಾಡಿ. ಕೊನೆಗೆ ಬೇಡಿಕೆಯನ್ನು ಮತ್ತೊಮ್ಮೆ ಹೇಳಿ, ಠರಾವು ಬರೆಯಲು ಕೋರಿ.

ಬ್ಯಾಂಕಿಗೆ ಹೋದಾಗಲೂ ಇದೇ ಕ್ರಮ. ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯ 2018-19ರ ಬಜೆಟ್ ಘೋಷಣೆಯಂತೆ ಹೈನುಗಾರರಿಗೂ ವಿಸ್ತರಣೆಯಾಗಿದೆ. ಬೇಕಾದ ಮೊತ್ತ, ತಿಂಗಳ ಮೇವಿನ ಖರ್ಚು, ಸಂಘದ ಹಾಲಿನ ಪಾಸ್‌ಬುಕ್ ಮುಂದಿಡಿ.

ಠರಾವಾದ ಮೇಲೆ ಮೊದಲ ಪರೀಕ್ಷೆಯ ದಿನಾಂಕವನ್ನು ಅದೇ ಸಭೆಯಲ್ಲಿ ನಿಗದಿ ಮಾಡಿಸಿಕೊಂಡೇ ಮನೆಗೆ ಹೊರಡಿ.