ಆಧಾರ್ ಜೆರಾಕ್ಸ್ ಒಂದೇ ಸಾಲದು: ಹೊಸಬರನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗ

ಪೆರೇಸಂದ್ರದ ಹೆದ್ದಾರಿ ಬದಿಯ ಡಾಬಾ, ಸುತ್ತಲಿನ ಕ್ರಷರ್, ಕೋಳಿ ಫಾರಂ, ಆಚೆ ಶಿಡ್ಲಘಟ್ಟದ ನೂಲು ಬಿಚ್ಚಣಿಕೆ ಘಟಕ. ಕೆಲಸಗಾರರ ದಾಖಲೆ ಎಲ್ಲಿ ಎಂದರೆ ಮಾಲೀಕರು ತೆಗೆದುಕೊಡುವುದು ಒಂದು ಆಧಾರ್ ಜೆರಾಕ್ಸ್, ಅದಕ್ಕೆ ಪಿನ್ ಮಾಡಿದ ಒಂದು ಫೋಟೊ. ಇಷ್ಟರಿಂದ ಆಗುವುದಿಲ್ಲ.

ಮೊದಲು ವಯಸ್ಸು. 14 ತುಂಬದ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ 18 ತುಂಬದವರನ್ನು ಗಣಿ, ಸ್ಫೋಟಕದ ಕೆಲಸಕ್ಕೂ ಸೇರಿಸುವಂತಿಲ್ಲ. ತಪ್ಪಿದರೆ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಜೊತೆಗೆ ಜೈಲೂ ಆಗಬಹುದು.

ಎಡವುವುದು ಇಲ್ಲೇ. ಆಧಾರ್ ಗುರುತಿನ ದಾಖಲೆಯೇ ಹೊರತು ಜನ್ಮ ದಿನಾಂಕದ ದಾಖಲೆ ಅಲ್ಲ. ಭವಿಷ್ಯ ನಿಧಿ (ಪಿ.ಎಫ್.) ಸಂಘಟನೆ 2024ರ ಜನವರಿಯಲ್ಲೇ ಅದನ್ನು ಜನ್ಮ ದಿನಾಂಕದ ದಾಖಲೆಗಳ ಪಟ್ಟಿಯಿಂದ ಕೈಬಿಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಎಷ್ಟೋ ಕಾರ್ಡುಗಳಲ್ಲಿ ಜನವರಿ 1 ಎಂದಿರುತ್ತದೆ. ನೋಂದಣಿ ವೇಳೆ ಬಾಯಲ್ಲಿ ಹೇಳಿದ ವಯಸ್ಸಿನಿಂದ ಇಸವಿ ಲೆಕ್ಕಹಾಕಿ ಬರೆದದ್ದು ಅದು. 01-01 ಕಂಡರೆ ಅಲ್ಲೇ ನಿಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಶಾಲೆಯ ಟಿ.ಸಿ. ಕೇಳಿ, ಇಲ್ಲದಿದ್ದರೆ ಜನನ ಪ್ರಮಾಣಪತ್ರ. ಆಂಧ್ರದ ಕಡೆಯವರ ಟಿ.ಸಿ. ತೆಲುಗಿನಲ್ಲಿದ್ದರೆ ಓದಿ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. 'ಹುಡುಗ ದಪ್ಪಗಿದ್ದಾನೆ, ಹದಿನೆಂಟು ಆಗಿರುತ್ತೆ' ಎಂಬ ಅಂದಾಜು ಇನ್‌ಸ್ಪೆಕ್ಟರ್ ಮುಂದೆ ನಡೆಯದು.

ಅಸಲು ನೋಡಿ, ನಕಲು ಇಟ್ಟುಕೊಂಡು, ಅಸಲನ್ನು ಆಗಲೇ ವಾಪಸ್ ಕೊಡಿ. ಮುಂಗಡ ಕೊಟ್ಟಿದ್ದೇವೆಂದು ಅಂಕಪಟ್ಟಿಯನ್ನು ಬೀರುವಿನಲ್ಲಿಡುವುದು ತಪ್ಪು. ಸಾಲಕ್ಕೆ ಮನುಷ್ಯನನ್ನೇ ಕಟ್ಟಿಹಾಕಿದರೆ ಅದು ಜೀತ, 1976ರ ಕಾಯ್ದೆಯಡಿ ಅಪರಾಧ.

ನಂತರ ನೇಮಕಾತಿ ಪತ್ರ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಇದಕ್ಕೆ ಒತ್ತು ಕೊಟ್ಟಿವೆ. ಕೆಲಸ, ಸಂಬಳ, ಸೇರಿದ ದಿನ ಬರೆದು ಸಹಿ ಹಾಕಿಸಿ ಒಂದು ಪ್ರತಿ ಅವರಿಗೆ ಕೊಡಿ.

20 ಜನರಿದ್ದರೆ ಪಿ.ಎಫ್. ನಮೂನೆ 11 ತುಂಬಿಸುವಾಗ ಹಿಂದೆ ಪಿ.ಎಫ್. ಇತ್ತೇ ಎಂದು ಬಾಯಿಬಿಟ್ಟು ಕೇಳಿ. ಇದ್ದರೆ ಹಳೆಯ ಯುಎಎನ್ ನಂಬರನ್ನೇ ಹಾಕಿ. ಎರಡನೆಯದು ಮಾಡಿಸಿದರೆ ಹಣ ಬಿಡಿಸಿಕೊಳ್ಳುವಾಗ ಪರದಾಡುವವರು ಅವರೇ. ಹೊಸ ನಂಬರ್‌ಗೆ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಬೇಕು. ಹೆಸರು, ಇನಿಷಿಯಲ್ ಆಧಾರ್‌ನಲ್ಲಿದ್ದಂತೆಯೇ ಇರಲಿ.

10 ಜನರಿದ್ದರೆ ಇಎಸ್‌ಐ ವಿಮೆ. ಸಂಬಳ 21 ಸಾವಿರದೊಳಗಿನವರಿಗೆ. ಹತ್ತು ದಿನ ಅವಕಾಶವಿದೆ, ಆದರೆ ಸೇರಿದ ದಿನವೇ ನೋಂದಾಯಿಸಿ. 2021ರ ಫೆಬ್ರುವರಿಯಲ್ಲಿ ಇಲ್ಲೇ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಿಸಿ ಆರು ಮಂದಿ ಸತ್ತರು. ಪೆಟ್ಟಾದ ಮೇಲೆ ಹೆಸರು ಸೇರಿಸಲು ಓಡಬೇಡಿ.

ಹೊರರಾಜ್ಯದವರಾದರೆ ಊರಿನ ವಿಳಾಸ, ಮನೆಯವರ ಫೋನ್ ನಂಬರ್ ಕೂಡ ಬರೆದಿಟ್ಟುಕೊಳ್ಳಿ.