ಟ್ರಾನ್ಸಿಸ್ಟರ್ ಬದಲಾದರೂ ಸರ್ಕ್ಯೂಟ್ ಕೆಡಬಾರದು

ಮೇಜಿನ ಮೇಲೆ ಚೆನ್ನಾಗಿ ಓಡಿದ ಸರ್ಕ್ಯೂಟು ನೂರು ಬೋರ್ಡುಗಳಾಗಿ ಬಂದಾಗ ನೂರು ಬಗೆಯಲ್ಲಿ ವರ್ತಿಸುವುದುಂಟು. ಅದಕ್ಕೆ ಡ್ರಾಯಿಂಗ್ ಹಂತದಲ್ಲೇ ನಾನು ಪಾಲಿಸುವ ನಿಯಮಗಳಿವು.

1. ಡೇಟಾಶೀಟಿನಲ್ಲಿ ಮೊದಲು ಕನಿಷ್ಠ, ಗರಿಷ್ಠ ನೋಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲೆಡೆ ಸಿಗುವ ಬಿಸಿ547 ಟ್ರಾನ್ಸಿಸ್ಟರಿನ ಗೇನ್ 110ರಿಂದ 800ರವರೆಗೆ ಎಷ್ಟಾದರೂ ಇರಬಹುದು. ಎ, ಬಿ, ಸಿ ಎಂದು ವಿಂಗಡಿಸಿದ ಮೇಲೂ ಒಂದೊಂದು ಗುಂಪಿನೊಳಗೆ ಸುಮಾರು ದುಪ್ಪಟ್ಟು ಅಂತರ ಉಳಿಯುತ್ತದೆ.

2. ಗೇನ್ ಮೇಲೆ ಭಾರ ಹಾಕಬೇಡಿ. 12 ವೋಲ್ಟ್ ಸಪ್ಲೈ, ಕಲೆಕ್ಟರಿಗೆ 3ಕೆ, ಬೇಸಿಗೆ ಒಂಟಿ 1.7 ಮೆಗಾಓಮ್ ಎಂದಿಟ್ಟುಕೊಳ್ಳಿ. ಗೇನ್ 300 ಇದ್ದರೆ ಕರೆಂಟು 2 ಮಿಲಿಆಂಪ್. 110 ಇದ್ದರೆ 0.7ಕ್ಕೆ ಕುಸಿಯುತ್ತದೆ, 800 ಇದ್ದರೆ ಟ್ರಾನ್ಸಿಸ್ಟರ್ ಸ್ಯಾಚುರೇಟ್ ಆಗಿ ಸಿಗ್ನಲ್ಲೇ ಹಾಳು. ಬದಲಿಗೆ ಬೇಸಿಗೆ 47ಕೆ–10ಕೆ ಡಿವೈಡರ್, ಎಮಿಟರಿಗೆ 680 ಓಮ್ ಹಾಕಿ. ಗೇನ್ ಅಷ್ಟೇ ಏರಿಳಿದರೂ ಕರೆಂಟು 1.9ರಿಂದ 2.1ರೊಳಗೇ ನಿಲ್ಲುತ್ತದೆ. ಕರೆಂಟು ಹೆಚ್ಚಿದರೆ ಎಮಿಟರ್ ವೋಲ್ಟೇಜ್ ಏರಿ, ಬೇಸಿಗೂ ಎಮಿಟರಿಗೂ ನಡುವಿನ ವೋಲ್ಟೇಜ್ ತಗ್ಗುತ್ತದೆ. ಕರೆಂಟು ತಾನೇ ಲಗಾಮು ಎಳೆದುಕೊಳ್ಳುತ್ತದೆ. ಒಂದಿಷ್ಟು ಗೇನ್ ಬಿಟ್ಟುಕೊಟ್ಟು ಸ್ಥಿರತೆ ಕೊಳ್ಳುವ ಇದೇ ವ್ಯಾಪಾರವನ್ನು 1927ರಲ್ಲಿ ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್ ಇಡೀ ಆಂಪ್ಲಿಫೈಯರಿಗೆ ಅನ್ವಯಿಸಿದರು.

3. ಮೌಲ್ಯಕ್ಕಿಂತ ಅನುಪಾತವನ್ನು ನಂಬಿ. ಐಸಿಯೊಳಗಿನ ರೆಸಿಸ್ಟರುಗಳ ಮೌಲ್ಯ ಸಾಕಷ್ಟು ಆಚೀಚೆ ಆಗುತ್ತದೆ, ಆದರೆ ಎಲ್ಲವೂ ಒಟ್ಟಿಗೇ ಆಗುತ್ತವೆ. 555 ಟೈಮರ್ ನಿಂತಿರುವುದೇ ಇದರ ಮೇಲೆ. ಮೂರು ಸಮಾನ ರೆಸಿಸ್ಟರುಗಳು ಸಪ್ಲೈಯ ಮೂರನೇ ಒಂದು, ಮೂರನೇ ಎರಡು ಭಾಗಗಳನ್ನು ಗುರುತಿಸುತ್ತವೆ. ಕೆಪಾಸಿಟರ್ ತುಂಬುವುದೂ ಅದೇ ಸಪ್ಲೈಯಿಂದ. ಹಾಗಾಗಿ 5 ವೋಲ್ಟ್ ಕೊಟ್ಟರೂ 12 ಕೊಟ್ಟರೂ ಸಮಯ ಹೆಚ್ಚೇನೂ ಬದಲಾಗದು.

4. ಕೆಪಾಸಿಟರಿನ ಮೇಲೆ ಬರೆದದ್ದನ್ನು ಅನುಮಾನಿಸಿ. ಎಲೆಕ್ಟ್ರೋಲಿಟಿಕ್‌ನಲ್ಲಿ ಶೇ. 20 ಹೆಚ್ಚುಕಮ್ಮಿ ಮಾಮೂಲು. ವೈ5ವಿ ಸಿರಾಮಿಕ್ ತನ್ನ ತಾಪಮಾನ ಮಿತಿಯೊಳಗೇ ಶೇ. 82ರವರೆಗೆ ಕಳೆದುಕೊಳ್ಳಬಹುದು. ಸಪ್ಲೈ ಫಿಲ್ಟರಿಗೆ ಪರವಾಗಿಲ್ಲ. ಟೈಮಿಂಗಿಗೆ ಫಿಲ್ಮ್ ಅಥವಾ ಸಿ0ಜಿ ಬಳಸಿ.

5. ದುಡ್ಡು ಬೇಕಾದಲ್ಲಿ ಮಾತ್ರ ಸುರಿಯಿರಿ. ಪುಲ್‌ಅಪ್‌ಗೆ, ಎಲ್‌ಇಡಿಗೆ ಶೇ. 5ರ ರೆಸಿಸ್ಟರ್ ಧಾರಾಳ. 10 ವೋಲ್ಟನ್ನು ಅರ್ಧ ಮಾಡುವ ಡಿವೈಡರಿಗೆ ಅದನ್ನೇ ಹಾಕಿದರೆ 4.75ರಿಂದ 5.25ರವರೆಗೆ ಏನೂ ಬರಬಹುದು. ಅಳತೆ ನಿರ್ಧಾರವಾಗುವ ಅಂಥ ಜಾಗಕ್ಕೆ ಶೇ. 1ರದ್ದು ಇರಲಿ.

6. ಕೊನೆಗೆ ತುದಿಗಳನ್ನು ಪರೀಕ್ಷಿಸಿ. ಅತಿ ಕಡಿಮೆ ಮತ್ತು ಅತಿ ಹೆಚ್ಚು ಗೇನಿನ ಟ್ರಾನ್ಸಿಸ್ಟರುಗಳನ್ನು ಆರಿಸಿ ಬೋರ್ಡಿಗೆ ಹಾಕಿ, ಬಿಸಿ ಮಾಡಿ, ತಣ್ಣಗಾಗಿಸಿ ನೋಡಿ. ಟ್ರಿಮ್‌ಪಾಟ್ ತಿರುಗಿಸದೆ ಎರಡೂ ಪಾಸಾದರೆ ಡ್ರಾಯಿಂಗಿಗೆ ಸಹಿ ಹಾಕಬಹುದು.