ಗುಂಯ್‌ಗುಡುವ ರೇಡಿಯೋ: ದೋಷವೆಲ್ಲಿ?

ರೇಡಿಯೋ ಗುಂಯ್‌ಗುಡತೊಡಗಿದರೆ ಮೊದಲು ಪರೀಕ್ಷಿಸಬೇಕಾದುದು ಅದರ ವಿದ್ಯುತ್ ಪೂರೈಕೆಯ ಮಂಡಲವನ್ನು. ನಮ್ಮ ಮನೆಗಳ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವೃತ್ತಿಗಳದು. ಟ್ರಾನ್ಸ್‌ಫಾರ್ಮರು ಅದನ್ನು 12 ವೋಲ್ಟಿಗೆ ಇಳಿಸಿದರೆ, ನಾಲ್ಕು ಡಯೋಡುಗಳ ಸೇತುವೆ ಅದನ್ನು ಏಕಮುಖವಾಗಿಸುತ್ತದೆ. ಕೆಪಾಸಿಟರು ಏರಿಳಿತವನ್ನು ತಗ್ಗಿಸುತ್ತದೆ. ಆಗ ಕೆಪಾಸಿಟರಿನ ತುದಿಗಳಲ್ಲಿ ಮಲ್ಟಿಮೀಟರು ಸುಮಾರು 15 ವೋಲ್ಟ್ ತೋರಿಸಬೇಕು.

ಅಳತೆ ತೀರ ತಗ್ಗಿದ್ದರೆ ದೋಷವುಂಟೆಂದು ತಿಳಿಯಬಹುದು, ಯಾವುದೆಂದು ತಿಳಿಯದು. ಮೀಟರು ಹೇಳುವುದು ಸರಾಸರಿಯನ್ನಷ್ಟೆ. ಆಸಿಲೋಸ್ಕೋಪಾದರೋ ಅಲೆಯ ಆಕಾರವನ್ನೇ ಕಣ್ಣಮುಂದಿಡುತ್ತದೆ. ಸುಸ್ಥಿತಿಯ ಸೇತುವೆ ಪ್ರತಿ ಅರ್ಧ ಆವೃತ್ತಿಯನ್ನೂ ಹಾಯಿಸುತ್ತದೆ. ಆದುದರಿಂದ 10 ಮಿಲಿಸೆಕೆಂಡಿಗೊಂದರಂತೆ ದೊಡ್ಡ ಉಬ್ಬುಗಳು ಕಂಡರೆ ಕೆಪಾಸಿಟರನ್ನು ಶಂಕಿಸಬೇಕು. 20 ಮಿಲಿಸೆಕೆಂಡಿಗೊಂದರಂತೆ ಕಂಡರೆ ಡಯೋಡನ್ನು.

ಬಿಡಿಭಾಗವನ್ನು ಮುಟ್ಟುವ ಮುನ್ನ ಪ್ಲಗ್ಗನ್ನು ಕಿತ್ತು, ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತನ್ನು ರೋಧಕವೊಂದರ ಮೂಲಕ ಹರಿಯಬಿಡಿ. ಹೆಚ್ಚು ವೋಲ್ಟೇಜಿನ ಉಪಕರಣಗಳಲ್ಲಿ ಈ ಎಚ್ಚರವೇ ಪ್ರಾಣರಕ್ಷೆ.